ಶೇಷ ಸೊನ್ನೆ

ಕುಂಸಿ ದಾಟುವಾಗಲೇ ಖಲಂದರಣ್ಣನಿಗೆ ಹೇಳಿಟ್ಟಿದ್ದೆ:
ಮೀಟರಿನಲ್ಲಿ ೫೧೦೫೧೦ ಬಿದ್ದ ಕೂಡಲೇ ಕರಿ.
"ಎಂತಕ್ಕೆ ಮಾರಾಯ್ತಿ, ಪೂಜೆ ಮಾಡ್ಲಿಕ್ಕಾ?"
"ಭಾಗ ಮಾಡ್ಲಿಕ್ಕೆ."

ನನ್ನದು ಶೇಷದ ಉದ್ಯೋಗ.
ಮೂವತ್ತೇಳರ ಟಿಕೆಟ್ಟಿಗೆ ಐವತ್ತರ ನೋಟು;
ಹದಿಮೂರು ಬಾಕಿ ಎಂದು ಅದರ ಬೆನ್ನಿಗೆ ಗೀಚಿ
ಇಳಿಯುವಾಗ ಕೇಳಿ ಅನ್ನುತ್ತೇನೆ.
ಮರೆತು ಇಳಿಯುತ್ತಾರೆ.
ರಾತ್ರಿ ಸಾಗರದ ಡಿಪೋದಲ್ಲಿ ಚೀಲ ಸುರುವಿದರೆ
ಯಾರದೋ ಎಂಟು, ಯಾರದೋ ಮೂರು
ನನ್ನನ್ನೇ ನೋಡುತ್ತಿರುತ್ತವೆ.

ಅದಕ್ಕೇ ಈ ಸಂಖ್ಯೆಯ ಮೇಲೆ ಆಸೆ.
ಎರಡು, ಮೂರು, ಐದು, ಏಳು,
ಹನ್ನೊಂದು, ಹದಿಮೂರು, ಹದಿನೇಳು:
ಯಾರಿಗೂ ಒಡೆಯದ ಮೊದಲ ಏಳು ಮೊಂಡರು
ತಲಾ ಒಂದೇ ಸಲ ಕೈಹಾಕಿ ಗುಣಿಸಿದ್ದು.
ಅವರಲ್ಲಿ ಯಾರು ಬಂದು ಪಾಲು ಕೇಳಿದರೂ
ಚಿಲ್ಲರೆ ಇಲ್ಲ ಅನ್ನುವ ಮಾತಿಲ್ಲ.
ಏಳುನೂರ ಹದಿನಾಲ್ಕೂ ಏಳುನೂರ ಹದಿನೈದೂ
ಇಬ್ಬರ ಸೀಟಿನಲ್ಲಿ ಭುಜ ತಾಗಿಸಿ ಕೂತರೆ, ಇದೇ.
ಹದಿಮೂರು, ಇಪ್ಪತ್ತೊಂದು, ಮೂವತ್ತನಾಲ್ಕು, ಐವತ್ತೈದು
(ಹಿಂದಿನಿಬ್ಬರನ್ನು ಕೂಡಿಕೊಂಡೇ ಮುಂದೆ ಹೆಜ್ಜೆಯಿಡುವ ಸಾಲು)
ಗುಣಿಸಿದರೂ ಇದೇ.
ಭಾಜಕಗಳು ನೂರ ಇಪ್ಪತ್ತೆಂಟು. ಅಷ್ಟು ಜನರನ್ನು
ಕೊನೆಯ ಬಸ್ಸಿನಲ್ಲೂ ತುಂಬಿಸಿಲ್ಲ ನಾನು.
ಒಂದನ್ನು ಬಿಟ್ಟರೆ ಯಾವ ವರ್ಗವೂ ಇದನ್ನು ಭಾಗಿಸದು,
ಅಂದಿದ್ದರು ಲೂಸಿ ಟೀಚರ್, ಹೊಸನಗರದಲ್ಲಿ.
ಹಿಂದಿನ ಬೆಂಚಿನಿಂದ ನಾನೊಬ್ಬಳೇ ನಕ್ಕಿದ್ದೆ.

ಚೋರಡಿ ಸೇತುವೆಗೆ ಮೊದಲು ಹಾರನ್ ಆಯಿತು.
"ಬಂತು ನೋಡು ನಿನ್ನ ದೇವ್ರು."
ಗಾಜಿನ ಹಿಂದೆ ಸೊನ್ನೆ ಮೆಲ್ಲಗೆ ಮೇಲೇರಿ ಕೂತಿತು.
ಇದರ ಆಯುಸ್ಸು ಒಂದು ಕಿಲೋಮೀಟರು.

ತಲೆ ಎಣಿಸಿದೆ. ಹತ್ತೊಂಬತ್ತು, ಕೋಳಿ ಬಿಟ್ಟು.
ಅಯ್ಯೋ, ಹತ್ತೊಂಬತ್ತು! ಎಂಟನೆಯ ಮೊಂಡ.
ಹಂಚಿದರೆ ಹದಿನೆಂಟು ಉಳಿಯುತ್ತದೆ,
ಒಬ್ಬರಿಗೆ ಒಂದು ಕಡಿಮೆ.
ಯಾರಿಗೆ? ಕೋಳಿ ಹಿಡಿದ ಹುಡುಗನಿಗಾ?
ಮಫ್ಲರ್ ಸುತ್ತಿ ತೂಕಡಿಸುವ ಅಜ್ಜನಿಗಾ?

"ನಮ್ಮನ್ನ ಬಿಟ್ಟು ಎಣಿಸಿದ್ಯಾ?"
ಗೇರು ಇಳಿಸುತ್ತಾ ಅಂದ ಖಲಂದರಣ್ಣ.

ಟ್ರಿಪ್ ಶೀಟಿನಲ್ಲಿ ನಾವಿಬ್ಬರು ಯಾವತ್ತೂ ತಲೆಗಳಲ್ಲ.
ಇಪ್ಪತ್ತೊಂದು.
ಕೈಗೆ ಸಿಕ್ಕ ಟಿಕೆಟ್ಟಿನ ಬೆನ್ನ ಮೇಲೆ ಭಾಗಿಸಿದೆ,
ಒಬ್ಬೊಬ್ಬರಿಗೆ ಇಪ್ಪತ್ತನಾಲ್ಕು ಸಾವಿರದ ಮುನ್ನೂರ ಹತ್ತು.
ಶೇಷ: ಸೊನ್ನೆ.

ಸೇತುವೆ ಮುಗಿಯಿತು. ಸೊನ್ನೆ ಉರುಳಿ ಒಂದಾಯಿತು.
ಹತ್ತೊಂಬತ್ತು, ತೊಂಬತ್ತೇಳು, ಇನ್ನೂರ ಎಪ್ಪತ್ತೇಳು:
ಹೊಸಬರು ಮೂವರು ಬಂದು ಕೂತರು,
ಹಳೆಯ ಏಳರಲ್ಲಿ ಒಬ್ಬರಿಗೂ ಜಾಗವಿಲ್ಲ.
ಈಗ ಪ್ರಯಾಣಿಕರಿಗೆ ಮಾತ್ರ ಸರಿಯಾದ ಪಾಲು;
ನಮ್ಮನ್ನು ಸೇರಿಸಿದರೆ ಒಂದು ಉಳಿಯುತ್ತದೆ.
ಉಳಿಯಲಿ ಬಿಡು, ಅಂದುಕೊಂಡೆ.

ಆನಂದಪುರದಲ್ಲಿ ಅಜ್ಜ ಇಳಿಯುತ್ತಾ ಟಿಕೆಟ್ ಚಾಚಿದ,
ಕನ್ನಡಕ ಹಣೆಗೇರಿಸಿ, ಅನುಮಾನದಿಂದ:
"ತಂಗಿ, ಬಾಕಿ ಇಪ್ಪತ್ತನಾಲ್ಕು ಸಾವಿರ ಅಂತ ಬರ್ದಿದೆಯಲ್ಲೇ?"
ಹದಿಮೂರು ಎಣಿಸಿ ಕೈಗಿಟ್ಟೆ.
"ಅದೂ ನಿಮ್ಮದೇ ಅಜ್ಜ," ಅಂದೆ,
ಸೀಟಿ ಊದಿದೆ.