ಉದುರಲೊಲ್ಲದ ಎಲೆ

ಶೆಫೀಲ್ಡಿನ ಆಸ್ಪತ್ರೆಯ ನೆಲಮಾಳಿಗೆ. ಎಂಟೂಕಾಲು.
ಕಿಟಕಿಯಿಲ್ಲ. ಮೇಲೆ ಟ್ರಾಮ್ ಹಾದರೆ
ತೊಟ್ಟಿಯ ನೀರು ಒಂದಿಷ್ಟು ನಡುಗುತ್ತದೆ.

ಮೇಣದ ಇಟ್ಟಿಗೆಯಿಂದ
ಮೂರು ಮೈಕ್ರಾನಿನ ಪದರ ಹೆರೆಯುತ್ತೇನೆ
ಉಸಿರು ಬಿಗಿಹಿಡಿದು. ಬಿಟ್ಟರೆ ಹಾರಿಹೋಗುವಷ್ಟು ತೆಳು.
ಬೆಚ್ಚನೆ ನೀರ ಮೇಲೆ ತೇಲಿಬಿಟ್ಟು
ಆರಿದ ಹಾಲಿನ ಕೆನೆ ಎತ್ತುವ ಹಾಗೆ
ಗಾಜಿಗೆ ಎತ್ತಿಕೊಳ್ಳುತ್ತೇನೆ.

ಇದು ಯಾರದೋ ಕುತ್ತಿಗೆಯ ಗಂಟು.
ಹದಿನಾರು ವರ್ಷ ಹಳೆಯದು.
ಹೆಸರಿಲ್ಲ. ೨೧೭ ಅಂತ ಬರೆದಿದೆ ಪೆನ್ಸಿಲ್ಲಿನಲ್ಲಿ,
ಪೆನ್ನಿನದನ್ನೆಲ್ಲ ಸ್ಪಿರಿಟ್ಟು ತಿಂದುಬಿಡುತ್ತದಲ್ಲ.

ಹಣ್ಣೆಲೆ ಉದುರುವಾಗ ಚಿಗುರೆಲೆ ನಗುತ್ತದಂತೆ.
ನಗಲಿ ಪಾಪ.
ಉದುರಲೊಲ್ಲದ ಹಣ್ಣೆಲೆಯ ಮೇಲೆ
ಯಾರೂ ಗಾದೆ ಕಟ್ಟಲಿಲ್ಲ.
ಜೀವಕೋಶಕ್ಕೂ ಒಂದು ಹೊತ್ತಿರುತ್ತದೆ,
ತಾನೇ ದೀಪ ಆರಿಸಿ, ಚಾಪೆ ಸುತ್ತಿಟ್ಟು,
ಪಕ್ಕದವರ ನಿದ್ದೆ ಕೆಡಿಸದೆ ಹೊರಡುವ ಹೊತ್ತು.
ಇದು ಹೊರಡಲಿಲ್ಲ.
ಬಾಗಿಲಲ್ಲಿ ಬಿಸಿಎಲ್-೨ ಎಂಬ ಪ್ರೋಟೀನು ಅಡ್ಡ ನಿಂತು
ಏನವಸರ, ಕೂಡ್ರಿ, ಚಾ ಕುಡುದು ಹೋಗ್ರಿ ಅಂದಿತು,
ನಮ್ಮ ಗದಗಿನ ಅತ್ತೆಯ ಹಾಗೆ.
ಕೂತಿತು. ಎರಡಾಯಿತು. ನಾಲ್ಕಾಯಿತು.
ಕುತ್ತಿಗೆಯಲ್ಲಿ ನಿಂಬೆಹಣ್ಣಾಯಿತು.

ಬಣ್ಣ ಹಾಕುತ್ತೇನೆ.
ಪ್ರೋಟೀನಿದ್ದಲ್ಲಿ ಕಾಚಿನ ಕಂದು,
ಇಲ್ಲದಲ್ಲಿ ಬಿಳಿ ಅಂಗಿಗೆ ಹಾಕುವ ನೀಲಿ.
ಕಂದು ಕಂಡರೆ ಟಿಕ್, ನೀಲಿ ಕಂಡರೆ ಟಕ್,
ಹೆಬ್ಬೆರಳು ನೋಯುವ ತನಕ.
ಬಿಸಿಎಲ್-೨: ನೂರಕ್ಕೆ ಎಂಬತ್ತು.
ಸರ್ವೈವಿನ್: ಅರವತ್ತೈದು.
ಬದುಕು ಅಂತ ಹೆಸರಿಟ್ಟವರು
ಯಾರ ಬದುಕು ಅಂತ ಕೇಳಲಿಲ್ಲ.
ಕ್ಯಾಸ್ಪೇಸ್-೩, ಕೊಲ್ಲುವ ಕೆಲಸಕ್ಕೇ ನೇಮಕವಾದದ್ದು,
ಅಲ್ಲೊಂದು ಇಲ್ಲೊಂದು, ಹಬ್ಬದ ಮರುದಿನದ ಪೊಲೀಸಿನ ಹಾಗೆ.

ಮೇಲಿನ ಮಹಡಿಯಲ್ಲಿ ಡಾಕ್ಟರ್ ಹೆಬ್ಡನ್
ಇನ್ನೂರ ನಲವತ್ತು ಜನರನ್ನು ಎರಡು ಗೆರೆ ಮಾಡಿದ್ದಾರೆ.
ಗೆರೆ ಅಂದರೆ ಮೆಟ್ಟಿಲು, ಇಳಿಯುವುದಕ್ಕೆ ಮಾತ್ರ.
ಕಂದು ಹೆಚ್ಚಿದ್ದವರದು ಕಡಿದು;
ಎರಡನೆಯ ವರ್ಷಕ್ಕೇ ಅರ್ಧ ಜನ ಇಳಿದಿದ್ದಾರೆ.

ಅಲ್ಲಲ್ಲಿ ಸಣ್ಣ ಗೀಟುಗಳು. ಏನಿವು ಅಂದೆ.
"ಅವರು ಇನ್ನೂ ಇದ್ದಾರೆ. ಇಲ್ಲವೇ, ನಮಗೆ ಗೊತ್ತಿಲ್ಲ.
ಎರಡಕ್ಕೂ ಒಂದೇ ಗುರುತು."

೨೧೭ರ ಗೀಟು ಕೆಳಗಿನ ಗೆರೆಯ ತುತ್ತತುದಿಗೆ,
ಎಲ್ಲರೂ ಇಳಿದುಹೋದ ಬಸ್ಸಿನಲ್ಲಿ
ಹಿಂದಿನ ಸೀಟಿನಲ್ಲಿ ಒಬ್ಬರೇ ಕೂತ ಹಾಗೆ.

ಕೆಳಗೆ ಬಂದು, ಕನ್ನಡಕ ಒರೆಸಿ, ಮತ್ತೆ ಎಣಿಸಿದೆ.
ಎಂಬತ್ತೊಂದು.

ಹಣೆಬರಹ ಯಾರಿಗೂ ಓದಲು ಬಾರದು,
ಅದಕ್ಕೇ ಅದಕ್ಕಿಷ್ಟು ಮರ್ಯಾದೆ ಅನ್ನುತ್ತಿದ್ದರು ಅತ್ತೆ.
ನಾನು ಓದುತ್ತೇನೆ, ಅತ್ತೆ,
ನಾನ್ನೂರು ಪಟ್ಟು ದೊಡ್ಡದು ಮಾಡಿ.
ಇನ್ನೂರು ಹಾಳೆಯಲ್ಲಿ ಅದು ಹೇಳಿದಂತೆಯೇ ಆಗಿದೆ, ಹೆಚ್ಚುಕಡಿಮೆ.
ಇದರಲ್ಲೂ ಒತ್ತು ದೀರ್ಘ ಎಲ್ಲ ನೆಟ್ಟಗಿದೆ.
ಅರ್ಥ ಮಾತ್ರ ಎದ್ದು ಎಲ್ಲೋ ತಿರುಗಾಡಲು ಹೋಗಿದೆ.

ಐದೂವರೆಗೆ ಟ್ರಾಮಿನಲ್ಲಿ
ಒಬ್ಬೊಬ್ಬರ ಕುತ್ತಿಗೆ ನೋಡುತ್ತ ನಿಂತಿದ್ದೆ,
ಮಫ್ಲರಿನ ಸಂದಿಯಲ್ಲಿ ಹಳೆಯ ಹೊಲಿಗೆ ಇದ್ದೀತೇ ಅಂತ.
ಎಪ್ಪತ್ತರ ಹೆಂಗಸೊಬ್ಬಳು ಹಿಡಿದುಬಿಟ್ಟಳು.
ನಕ್ಕಳು. ಮಣಿಸರ ಮುಟ್ಟಿಕೊಂಡು,
"ಚೆನ್ನಾಗಿದೆ ಅಲ್ಲ? ಸಂತೆಯಲ್ಲಿ, ಮೂರು ಪೌಂಡು."

ಚೆನ್ನಾಗಿದೆ ಅಂದೆ.