ಗಾಜಿನ ಒಟ್ಲು

ಊರ ಹೆಸರು ಡಂಡೀ.
ಹೆಸರಲ್ಲಷ್ಟೇ ದಂಡಿ;
ಫೆಬ್ರವರಿಯ ಬಿಸಿಲು ಇಲ್ಲಿ
ಕೈಬಿಗಿ ಅಂಗಡಿಯವನು ತೂಗಿ ಕೊಟ್ಟಂತೆ,
ಒಂದು ಕಾಳೂ ಹೆಚ್ಚಿಲ್ಲ.

ಅದು ಬಂದು ಬೀಳುವುದು ಒಂದೇ ಕಡೆ:
ಬೀದಿಬಾಗಿಲಿಗೂ ಮನೆಬಾಗಿಲಿಗೂ ನಡುವೆ,
ಮೂರು ಹೆಜ್ಜೆ ಉದ್ದ, ಒಂದೂವರೆ ಅಗಲ,
ಮೂರು ಕಡೆ ಗಾಜು.
ಜಗಲಿ ಅನ್ನೋಣವೆಂದರೆ ಕೂರಲು ಜಾಗವಿಲ್ಲ,
ಪಡಸಾಲೆ ಎಂದರೆ ನಗುತ್ತಾರೆ.
ಮುನಿರಾಜು ಅದನ್ನು 'ಚಪ್ಪಲಿ ರೂಮು' ಅನ್ನುತ್ತಿದ್ದ,
ಈ ವರ್ಷದವರೆಗೆ.

ಚಪ್ಪಲಿ ಸ್ಟ್ಯಾಂಡಿನ ನಾಲ್ಕೂ ಹಲಗೆ ತೊಳೆದೆ.
ಮೊಸರಿನ ಡಬ್ಬಿ, ಅಣಬೆ ಬಂದ ನೀಲಿ ತಟ್ಟೆ,
ತಳಕ್ಕೆಲ್ಲ ಕಾಯಿಸಿದ ದಬ್ಬಳದಿಂದ ತೂತು.
ಮೇಲಿನ ಹಲಗೆಗೆ ಟೊಮೇಟೊ, ಆಮೇಲೆ ಬದನೆ,
ಮೆಣಸಿನಕಾಯಿ, ಕೆಳಗೆ ನೆರಳಿಗೆ ಕೊತ್ತಂಬರಿ.
ಇಪ್ಪತ್ತೆರಡು ವರ್ಷ ಹೊರಗೇ ನಿಂತಿದ್ದ ಚಪ್ಪಲಿ, ಬೂಟು
ಮೊದಲ ಸಲ ಹೊಸ್ತಿಲು ದಾಟಿ
ನಡುಮನೆಯಲ್ಲಿ, ಪೇಪರಿನ ಮೇಲೆ,
ಕರೆಯದೆ ಬಂದ ನೆಂಟರ ಹಾಗೆ
ಮುದುರಿ ಕೂತವು.
"ನಮ್ಮಮ್ಮ ನೋಡಿದ್ದರೆ!" ಅಂದ.
ನೋಡಿದ್ದರೆ ಮೊದಲು ಮೆಣಸಿನ ಸಸಿಯನ್ನೇ ನೋಡುತ್ತಿದ್ದರು, ಅಂದೆ.

ಒಂಬತ್ತು ದಿನ ಬರೀ ಮಣ್ಣು.
ಕೆರೆಯ ಕೆಳಗೆ ದೊಡ್ಡಪ್ಪ ಒಟ್ಲು ಬಿಡುವಾಗ
ಗಾಜಿರಲಿಲ್ಲ, ರಾಗಿಹುಲ್ಲು ಹೊದಿಸುತ್ತಿದ್ದ,
ದಿನಾ ಕೆದಕಿ ನೋಡಿದರೆ ಬೈಯುತ್ತಿದ್ದ.
ಆಸ್ಪತ್ರೆಯ ಲಾಂಡ್ರಿಯಲ್ಲಿ ರಾತ್ರಿಯಿಡೀ ಬೆಡ್‌ಶೀಟು ಮಡಚಿ
ಬಸ್ಸಿಳಿದು ಬಂದು, ಕೋಟು ಬಿಚ್ಚುವ ಮೊದಲು
ನಾನೂ ಕೆದಕಿದೆ.
ಹತ್ತನೆಯ ದಿನ
ಬಿಳಿಯ ಮಂಡಿಯೊಂದು ಮಣ್ಣೆತ್ತಿ ನಿಂತಿತ್ತು;
ತಲೆ ಇನ್ನೂ ಒಳಗೆ,
ಬನಿಯನ್ನಿನಲ್ಲಿ ಸಿಕ್ಕಿಕೊಂಡ ಮಗುವಿನ ಹಾಗೆ.

ಆಮೇಲೆ ಎಲ್ಲವೂ ಒಂದೇ ಕಡೆ ವಾಲಿದವು,
ಟೇ ನದಿಯ ಕಡೆ, ನೀರಿಗೆ ಬಡಿದು ಬರುವ ಬೆಳಕಿನ ಕಡೆ.
ದಿನಾ ತಟ್ಟೆ ತಿರುಗಿಸಿದೆ. ದಿನಾ ಅವೂ ತಿರುಗಿದವು.
ಒಂದಕ್ಕೂ ನೆಟ್ಟಗೆ ಬೆನ್ನಿಲ್ಲ.
ಟಪಾಲಿನ ಷೋನಾ ಬಾಗಿಲು ಅರ್ಧ ತೆರೆದು
ಕಾಗದ ತೂರಿಸುವಾಗ ಉಸಿರು ಬಿಗಿಹಿಡಿಯುತ್ತಿದ್ದಳು,
ಒಳಗೆ ಕೂಸು ಮಲಗಿದೆಯೇನೋ ಎಂಬಂತೆ.
'ಬದನೆ' ಅನ್ನಲು ಕಲಿತಳು: "ಬಡಾನೀ."
ಗಿಡದ್ದೇನೂ ಅಭ್ಯಂತರವಿರಲಿಲ್ಲ.

ಏಪ್ರಿಲ್ ಹತ್ತೊಂಬತ್ತು. ನನಗೆ ರಾತ್ರಿಪಾಳಿ.
ನಾಲ್ಕಕ್ಕೆ ಬ್ರೆಡ್ಡಿನ ಕಾರ್ಖಾನೆಗೆ ಹೊರಟವನು
ಹಿಂದೆ ನೋಡದೆ ಬಾಗಿಲೆಳೆದ; ಚಿಲಕ ಕಚ್ಚಲಿಲ್ಲ.
ನಾನು ಬರುವಾಗ ಬಾಗಿಲು ಒಂದು ಗೇಣು ಬಾಯಿ ಬಿಟ್ಟಿತ್ತು.
ಹುಲ್ಲಿನ ಮೇಲೆ ಇಬ್ಬನಿ ಕಲ್ಲುಪ್ಪಾಗಿತ್ತು.
ಟೊಮೇಟೊ ಸಸಿಗಳೆಲ್ಲ ಬೆಂದ ಸೊಪ್ಪು.
ಗೋಡೆಗಂಟಿದ್ದ ಬದನೆ ಎರಡು ಹೇಗೋ ಉಳಿದಿದ್ದವು.

ಮೂರು ದಿನ ಮಾತಿಲ್ಲ.
ಸಾರಿಗೆ ಉಪ್ಪು ಹಾಕಲಿಲ್ಲ; ಅವನು ಕೇಳಲೂ ಇಲ್ಲ.

ಶನಿವಾರ ಎದ್ದು ನೋಡಿದರೆ ಮೇಲಿನ ಹಲಗೆಯಲ್ಲಿ
ಆರು ಟೊಮೇಟೊ ಸಸಿ, ನನ್ನವೇ ಮೊಸರಿನ ಡಬ್ಬಿ,
ನನ್ನದೇ ಐಸ್‌ಕ್ರೀಮ್ ಕಡ್ಡಿ, ಮೇಲೆ ನನ್ನದೇ ಅಕ್ಷರ.
"ನೋಡು, ಚೇತರಿಸಿಕೊಂಡವು,"
ಅಂದ, ಟೀ ಲೋಟದೊಳಕ್ಕೆ.
ಉಗುರಲ್ಲಿ ಕರಿಮಣ್ಣು.

ಡ್ರಿಲ್ ಮೇಷ್ಟ್ರ ಮುಂದೆ ನಿಂತ ಹಾಗೆ ನೆಟ್ಟಗಿದ್ದವು,
ಯಾರೋ ನಾಲ್ಕೂ ಕಡೆಯಿಂದ ಬೆಳಕು ಕೊಟ್ಟು ಸಾಕಿದ ಸಸಿ.
ನನ್ನವು ಒಂದು ದಿನವೂ ಹಾಗೆ ನಿಂತಿರಲಿಲ್ಲ.

"ಹೌದಲ್ಲ," ಅಂದೆ.
ನೀರು ಹಾಕಿದೆ.

ಈಗ ಮೇ ತಿಂಗಳು. ದಿನಕ್ಕೆ ಒಂದು ಗಂಟೆ ಹೊರಗಿಟ್ಟು
ಗಾಳಿಯ ಒರಟು ಕೈ ರೂಢಿ ಮಾಡಿಸುತ್ತಿದ್ದೇನೆ.
ಅಂಗಡಿಯ ಆರರ ಕತ್ತೂ
ಮೆಲ್ಲಗೆ ನದಿಯ ಕಡೆ ಸೊಟ್ಟಗಾಗುತ್ತಿದೆ.
ಈ ಸಲ ತಟ್ಟೆ ತಿರುಗಿಸುತ್ತಿಲ್ಲ.

ರಜೆಯ ರಾತ್ರಿ ಮಲಗಿದಲ್ಲೇ ಕೇಳುತ್ತೇನೆ:
ನಾಲ್ಕಕ್ಕೆ ಚಿಲಕದ ಸದ್ದು,
ಬೂಟಿನ ಸದ್ದು ಬೀದಿ ಇಳಿದು ಹೋಗುತ್ತದೆ,
ನಿಲ್ಲುತ್ತದೆ,
ವಾಪಸು ಬರುತ್ತದೆ.
ಮತ್ತೊಮ್ಮೆ ಚಿಲಕ.