ಅಡೆ

ಆಗ ಗೋಡೌನಿನ ಬಾಗಿಲ ಸಂದಿಗೆ ಸೆಗಣಿ ಮೆತ್ತುತ್ತಿದ್ದೆವು.
ಒಳಗೆ ಇನ್ನೂರು ಗೊನೆ, ಹಸಿರು, ಬಿಮ್ಮನೆ ಕೂತವು:
ಪುಟ್ಟಬಾಳೆ, ಕರಿಬಾಳೆ,
ಶಿಕಾರಿಪುರದ ಲಾರಿಯಿಂದ ಇಳಿದ ಪಚ್ಚಬಾಳೆ.
ಮೂಲೆಯಲ್ಲೊಂದು ತೂತು ಮಡಕೆ, ಭತ್ತದ ಹೊಟ್ಟು, ತೆಂಗಿನ ನಾರು.
ದಾದಾಪೀರಣ್ಣ ಕೊಳವೆಗೆ ಬಾಯಿಟ್ಟು ಊದಿದರೆ
ಹೊಗೆ ಚಿಪ್ಪುಚಿಪ್ಪಿನ ನಡುವೆ ನುಸುಳಿ
ಏನೋ ಹೇಳಿ ಬರುತ್ತಿತ್ತು.

ಏನು ಹೇಳತ್ತೆ, ಕೇಳಿದ್ದೆ ಒಮ್ಮೆ.
"ಹಸಿರಾಗಿದ್ದದ್ದು ಸಾಕು ಅನ್ನತ್ತೆ."

ಅಡೆ ಹಾಕೋದು ಅಂತೀವಿ ಇದಕ್ಕೆ.
ಅಡೆ ಅಂದರೆ ತಡೆ ಅಂತಲೂ ಇದೆ ನಿಘಂಟಿನಲ್ಲಿ.
ನನಗೆ ಹದಿನಾರು ದಾಟಿತ್ತು,
ಎರಡೂ ಅರ್ಥದ ನಡುವೆ ಕೂತು ಗೊನೆ ಎಣಿಸುತ್ತಿದ್ದೆ.

ದುರ್ಗಿಗುಡಿಯ ಶಾಲೆಯ ಬೆಂಚಿನಲ್ಲಿ ನನ್ನ ಆಚೀಚೆ
ಎಲ್ಲರೂ ಎಂದೋ ನೆರೆದಾಗಿತ್ತು.
ಹೊಟ್ಟೆ ಹಿಡಿದು ಪಿಸುಗುಟ್ಟುವ ಅವರ ಸಂಘಕ್ಕೆ
ನಾನು ಚಂದಾ ಕಟ್ಟಿರಲಿಲ್ಲ.
ಅಜ್ಜಿ ಎಳ್ಳು ಬೆಲ್ಲ ಕುಟ್ಟಿ ತಿನ್ನಿಸಿದಳು.
ಅವ್ವ ಮಾತು ಕಡಿಮೆ ಮಾಡಿದಳು.
ಮೆಗ್ಗಾನ್ ಆಸ್ಪತ್ರೆಯ ಡಾಕ್ಟರಮ್ಮ ಕುತ್ತಿಗೆ ಮುಟ್ಟಿ ನೋಡಿ, ರಕ್ತ ತೆಗೆಸಿ,
"ಮೆದುಳಿನ ಬುಡದಲ್ಲೊಂದು ಕಡಲೆಕಾಳಿನಷ್ಟು ಗ್ರಂಥಿ ಇದೆ,
ಅದಿನ್ನೂ ಕಾಗದ ಹಾಕಿಲ್ಲ, ಹಾಕುತ್ತೆ" ಅಂದರು.
ಅಂಚೆಯಣ್ಣನ ಸೈಕಲ್ ಗಂಟೆಗೆಲ್ಲ ನಾಚಿಕೆಯಾಗುತ್ತಿತ್ತು ಆಮೇಲೆ.

ಪಿಯುಸಿಯಲ್ಲಿ ಹೊಗೆಯ ಹೆಸರು ಸಿಕ್ಕಿತು. ಎಥಿಲೀನ್.
ಎರಡು ಇಂಗಾಲ, ನಾಲ್ಕು ಜಲಜನಕ,
ನಮ್ಮ ಬೀದಿಯ ಎಷ್ಟೋ ಮನೆಗಿಂತ ಸಣ್ಣ ಕುಟುಂಬ.
ಒಂದು ಕಾಯಿ ಅದನ್ನು ಉಸಿರುಬಿಟ್ಟರೆ
ಪಕ್ಕದ್ದು ಕೇಳಿಸಿಕೊಂಡು ತಾನೂ ಉಸಿರುಬಿಡುತ್ತದೆ,
ಬೆಳಗಾಗುವುದರೊಳಗೆ ಗೋಡೆಯಿಂದ ಗೋಡೆಗೆ
ಹಿಟ್ಟು ಸಕ್ಕರೆಯಾಗುವ ಸುದ್ದಿ.

ಓಡಿಬಂದು ಹೇಳಿದೆ.
"ಹೆಸರು ಚೆನ್ನಾಗಿದೆ" ಅಂದ ದಾದಾಪೀರಣ್ಣ.
ಆಮೇಲೆ ಕತ್ತಲಿಂದ ಒಂದು ಗೊನೆ ಎಳೆದು ತಂದ:
ಗಾಳಿಗೆ ಬಿದ್ದ ಗಿಡದ್ದು, ಬಲಿಯುವ ಮೊದಲೇ ಕಡಿದದ್ದು.
ಮೂರು ಸಲ ಹೊಗೆ ಕುಡಿದಿದೆ. ಏಣು ಹಾಗೇ ನಿಂತಿದೆ.
ಸಿಪ್ಪೆ ಕಪ್ಪು, ಒಳಗೆ ಕಲ್ಲು.
"ಹೊಗೆ ಕರೆಯೋದು ಅಷ್ಟೇ, ತಾಯಿ.
ಓಗೊಡೋಕೆ ಒಳಗೆ ಯಾರಾದರೂ ಇರಬೇಕು."

ಆ ವರ್ಷ ಮಾರ್ಗಶಿರದಲ್ಲಿ ನಾನು ಓಗೊಟ್ಟೆ,
ಅಪ್ಪನ ತಕ್ಕಡಿಯ ಮುಂದೆ, ಪಚ್ಚಬಾಳೆ ತೂಗುವಾಗ.
ಎರಡು ದಿನ ಯಾರಿಗೂ ಹೇಳಲಿಲ್ಲ.
ಹೆದರಿಕೆಗಲ್ಲ. ಅಷ್ಟು ತಡವಾಗಿ ಬಂದ ಕಾಗದ,
ಮೊದಲು ನಾನೊಬ್ಬಳೇ ಓದಿಕೊಳ್ಳೋಣ ಅಂತ.

ಈಗ ಹೊಗೆಯಿಲ್ಲ. ತಣ್ಣನೆಯ ಕೋಣೆ, ಸಿಲಿಂಡರು,
ಗೋಡೆಯ ಮೇಲೆ ಮಿನುಗುವ ಕೆಂಪು ಅಂಕಿ.
ಕೀಲಿ ನನ್ನ ಸೊಂಟದಲ್ಲಿ.
ದಾದಾಪೀರಣ್ಣ ಹೋಗಿ ಹನ್ನೊಂದು ವರ್ಷ;
ಅವನ ಕೊಳವೆಯಲ್ಲಿ ಈಗ ಅಳತೆಪಟ್ಟಿ ಇಡುತ್ತೇನೆ.

ಶನಿವಾರ ತಂಗಿಯ ಮಗಳು ಇಂಪನಾ ಬರುತ್ತಾಳೆ, ಹೋಂವರ್ಕ್ ಹಿಡಿದು.
ನಾಲ್ಕನೇ ಕ್ಲಾಸು. ಹೋದ ತಿಂಗಳೇ ಅವಳಿಗೆ...
ಒಂಬತ್ತು ವರ್ಷ. ಬೊಂಬೆಗೆ ಇನ್ನೂ ಜ್ವರ ನೋಡುವವಳು.
ತಂಗಿ ಕೋಳಿಯನ್ನು ಬೈಯುತ್ತಾಳೆ, ಪ್ಯಾಕೆಟ್ ಹಾಲನ್ನು ಬೈಯುತ್ತಾಳೆ,
ನನ್ನ ಸಿಲಿಂಡರಿನ ಕಡೆಗೂ ಒಮ್ಮೆ ಕಣ್ಣು ಹಾಯಿಸಿದಳು.
ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಅಂದೆ. ನಿಜವೇ ಅದು.
ಆದರೂ ಹುಡುಗಿಯ ಕುರ್ಚಿಯನ್ನು
ಎತ್ತಿ ಬಾಗಿಲಾಚೆ ಹಾಕಿದೆ.

"ದೊಡ್ಡಮ್ಮ, ನಾನು ಬೇಗನಾ? ನೀನು ತಡನಾ?"
ಗೊನೆ ತೋರಿಸಿದೆ. ಮೇಲಿನ ಚಿಪ್ಪು ಅರಿಸಿನ,
ಕೆಳಗಿನದು ಇನ್ನೂ ಗಿಳಿಬಣ್ಣ, ದಿಂಡು ಒಂದೇ.
ಬೇರೇನಾದರೂ ಹೇಳಬೇಕಿತ್ತು. ತೋಚಲಿಲ್ಲ.

ಅವಳು ಕಟ್ಟಕಡೆಯ ಕಾಯೊಂದನ್ನು ಹೆಬ್ಬೆರಳಲ್ಲಿ ಒತ್ತಿದಳು,
ಮೂಸಿದಳು,
"ಇದಕ್ಕಿನ್ನೂ ಗೊತ್ತೇ ಆಗಿಲ್ಲ" ಅಂದಳು.
ಮೆಲ್ಲಗೆ ಮುರಿದು, ಉಳಿದವಕ್ಕೆ ಕಾಣದ ಹಾಗೆ
ಕಿಟಕಿಯಾಚೆ ಗಾಳಿಗೆ ಒಂಟಿಯಾಗಿಟ್ಟು,
ಗದರಿದಳು ಇಡೀ ಕೋಣೆಯನ್ನು:
ಇದರ ಹತ್ತಿರ ಯಾರೂ ಏನೂ ಹೇಳಬೇಡಿ.